ವಂಶಾವಳಿಯೆಂಬ ಹಕ್ಕುಪತ್ರ: ಹ್ವಾನ್ ದೆ ಒನ್ಯಾತೆಯ ಬದುಕು ಮತ್ತು ಮನೆತನ

ವಂಶಾವಳಿಯನ್ನು ರಕ್ತಸಂಬಂಧಗಳ ದಾಖಲೆಯೆಂದು ಭಾವಿಸುವುದು ರೂಢಿ. ಯಾರಿಗೆ ಯಾರು ಹುಟ್ಟಿದರು, ಯಾರನ್ನು ವರಿಸಿದರು, ಯಾವ ಊರಿನಿಂದ ಬಂದರು ಎಂಬ ವಿವರಗಳ ಪಟ್ಟಿಯಾಗಿ ಅದು ಮೇಲುನೋಟಕ್ಕೆ ಕಾಣಿಸುತ್ತದೆ. ಆದರೆ ಅಧಿಕಾರ ಮತ್ತು ಭೂಮಿಯ ಪ್ರಶ್ನೆ ಎದುರಾದಾಗಲೆಲ್ಲ ವಂಶಾವಳಿ ದಾಖಲೆಯಾಗಿ ಉಳಿಯದೆ ಹಕ್ಕುಪತ್ರವಾಗಿ ಮಾರ್ಪಡುತ್ತದೆ. ಯಾವ ಹೆಸರನ್ನು ಎತ್ತಿ ಹೇಳಬೇಕು, ಯಾವುದನ್ನು ಮೌನದಲ್ಲಿ ಮುಚ್ಚಬೇಕು ಎಂಬ ಆಯ್ಕೆ ಅದರ ರಚನೆಯೊಳಗೇ ಇರುತ್ತದೆ. ಹದಿನಾರನೆಯ ಶತಮಾನದ ಸ್ಪೇನಿನ ಅಮೆರಿಕನ್ ವಸಾಹತುಗಳು ಈ ಮಾತಿಗೆ ಒಳ್ಳೆಯ ನಿದರ್ಶನಗಳನ್ನು ಒದಗಿಸುತ್ತವೆ. ಅವುಗಳಲ್ಲಿ ನ್ಯೂ ಮೆಕ್ಸಿಕೊ ಪ್ರಾಂತದ ಮೊದಲ ಗವರ್ನರ್ ಹ್ವಾನ್ ದೆ ಒನ್ಯಾತೆಯ ಬದುಕು ವಿಶಿಷ್ಟವಾದುದು. ಗೆದ್ದವರ, ಸೋತವರ, ಧರ್ಮಾಂತರಗೊಂಡವರ ಮತ್ತು ಪರಸ್ಪರ ಹಗೆಗಳಾಗಿದ್ದವರ ರಕ್ತ ಅವನ ಒಂದೇ ಕುಟುಂಬದಲ್ಲಿ ಕೂಡಿಕೊಂಡಿತ್ತು. ಆ ಕೂಡುವಿಕೆಯೇ ಅವನ ಬಂಡವಾಳವೂ ಆಯಿತು.

ತಂದೆಯ ಕವಲು

ಹ್ವಾನ್ ದೆ ಒನ್ಯಾತೆ ಹುಟ್ಟಿದ್ದು 1550ರ ಸುಮಾರಿಗೆ, ಇಂದಿನ ಮೆಕ್ಸಿಕೊ ದೇಶದ ಸಕತೇಕಾಸ್ ಪ್ರದೇಶದಲ್ಲಿ. ಅವನ ತಂದೆ ಕ್ರಿಸ್ತೋಬಲ್ ದೆ ಒನ್ಯಾತೆ ಸ್ಪೇನಿನ ಉತ್ತರದ ಬಾಸ್ಕ್ ಸೀಮೆಯವನು. ವಿತೋರಿಯಾ ನಗರದ ಮನೆತನದವನು. 1524ರಲ್ಲಿ ನವ ಸ್ಪೇನಿನ ಲೆಕ್ಕಪತ್ರಗಳ ಅಧಿಕಾರಿಯಾಗಿ ನೇಮಕಗೊಂಡ ರೊದ್ರೀಗೊ ದೆ ಅಲ್ಬೊರ್ನೋಸನ ಸಹಾಯಕನಾಗಿ ಅವನು ಮೆಕ್ಸಿಕೊಗೆ ಬಂದನು. ಮೆಕ್ಸಿಕಾ ಜನರ ರಾಜಧಾನಿ ತೆನೊಚ್‌ತಿತ್ಲಾನ್ 1521ರಲ್ಲಿ ಪತನವಾಗಿ ಆಗ ಮೂರು ವರ್ಷಗಳಷ್ಟೇ ಕಳೆದಿದ್ದವು. ವಿಜೇತ ಎರ್ನಾನ್ ಕೊರ್ತೇಸನ ಕೈಯಲ್ಲಿ ಅಧಿಕಾರ ಅತಿಯಾಗಿ ಕೇಂದ್ರೀಕೃತವಾಗದಂತೆ ನೋಡಿಕೊಳ್ಳುವುದೇ ಈ ರಾಜಾಧಿಕಾರಿಗಳ ಮುಖ್ಯ ಕೆಲಸವಾಗಿತ್ತು. ಹೀಗೆ ಒನ್ಯಾತೆ ಮನೆತನ ಅಮೆರಿಕದಲ್ಲಿ ಕಾಲೂರಿದ್ದು ಕೊರ್ತೇಸನ ಎದುರುಪಕ್ಷದಲ್ಲಿ ಎಂಬುದು ಗಮನಾರ್ಹ.

ಕ್ರಿಸ್ತೋಬಲ್ ಮುಂದೆ ನೂನ್ಯೊ ದೆ ಗುಸ್ಮಾನನ ಪಶ್ಚಿಮದ ದಂಡಯಾತ್ರೆಯಲ್ಲಿ ಪಾಲುಗೊಂಡನು. ಕ್ರೌರ್ಯಕ್ಕೆ ಹೆಸರಾದ ಆ ದಂಡಯಾತ್ರೆಯ ಫಲವಾಗಿ ನುಯೆವಾ ಗಲೀಸಿಯಾ ಎಂಬ ಹೊಸ ಪ್ರಾಂತ ರೂಪುಗೊಂಡಿತು. 1540ರಲ್ಲಿ ಅದರ ಗವರ್ನರ್ ಫ್ರಾನ್ಸಿಸ್ಕೊ ವಾಸ್ಕೆಸ್ ದೆ ಕೊರೊನಾದೊ ಚಿನ್ನದ ನಗರಗಳನ್ನು ಅರಸುತ್ತ ಉತ್ತರಕ್ಕೆ ಹೊರಟಾಗ ಪ್ರಾಂತದ ಆಡಳಿತ ಕ್ರಿಸ್ತೋಬಲನ ಪಾಲಿಗೆ ಬಂತು. ಅದರ ಬೆನ್ನಿಗೇ ಸ್ಥಳೀಯ ಜನರು ಮಿಶ್ತೋನ್ ಯುದ್ಧವೆಂದು ಕರೆಯಲಾಗುವ ದೊಡ್ಡ ಬಂಡಾಯ ಎದ್ದರು. ಆ ಬಂಡಾಯದ ನಡುವೆಯೇ, 1542ರಲ್ಲಿ, ಗ್ವಾದಲಹಾರಾ ನಗರ ಇಂದಿನ ನೆಲೆಯಲ್ಲಿ ಸ್ಥಾಪನೆಯಾಯಿತು.

ಮನೆತನದ ಭಾಗ್ಯವನ್ನು ನಿರ್ಣಯಿಸಿದ್ದು ಬೆಳ್ಳಿ. 1546ರ ಸೆಪ್ಟೆಂಬರ್ ತಿಂಗಳಿನಲ್ಲಿ ಹ್ವಾನ್ ದೆ ತೊಲೋಸಾ ಎಂಬ ಮತ್ತೊಬ್ಬ ಬಾಸ್ಕ್ ಸಾಹಸಿಗೆ ಸಕತೇಕೊ ಬುಡಕಟ್ಟಿನ ನೆಲದಲ್ಲಿ ಬೆಳ್ಳಿಯ ಅದಿರು ಸಿಕ್ಕಿತು. ತೊಲೋಸಾ, ಕ್ರಿಸ್ತೋಬಲ್ ದೆ ಒನ್ಯಾತೆ, ದಿಯೇಗೊ ದೆ ಇಬಾರಾ ಮತ್ತು ಬಲ್ತಸಾರ್ ತೆಮೀನ್ಯೊ ದೆ ಬಾನ್ಯುವೇಲೊಸ್ ಈ ನಾಲ್ವರನ್ನು ಸಕತೇಕಾಸ್ ನಗರದ ಸ್ಥಾಪಕರೆಂದು ಪರಿಗಣಿಸಲಾಗುತ್ತದೆ. ಗಣಿ, ಅದಿರು ಕುಟ್ಟುವ ಯಂತ್ರ, ಕುಲುಮೆ, ಗುಲಾಮರು ಮತ್ತು ಎನ್ಕೊಮಿಯೆಂದಾ ಇವೆಲ್ಲವೂ ಸೇರಿ ಕ್ರಿಸ್ತೋಬಲನನ್ನು ನವ ಸ್ಪೇನಿನ ಅತಿ ಶ್ರೀಮಂತರ ಸಾಲಿಗೆ ತಂದವು. ನಿರ್ದಿಷ್ಟ ಊರಿನ ಮೂಲನಿವಾಸಿಗಳ ಕಾಣಿಕೆ ಮತ್ತು ದುಡಿಮೆಯನ್ನು ಒಬ್ಬ ಸ್ಪೇನಿಗನಿಗೆ ವಹಿಸಿಕೊಡುವ ವ್ಯವಸ್ಥೆಗೆ ಎನ್ಕೊಮಿಯೆಂದಾ ಎಂದು ಹೆಸರು. ಕ್ರಿಸ್ತೋಬಲ್ 1567ರಲ್ಲಿ ತೀರಿಕೊಂಡನು. ಮಕ್ಕಳಿಗೆ ಅವನು ಬಿಟ್ಟುಹೋದುದು ಗಣಿಗಳನ್ನು ಮಾತ್ರವಲ್ಲ, ಸ್ಥಾಪಕನ ಮಕ್ಕಳೆಂಬ ಹೆಸರನ್ನು ಕೂಡ.

ತಾಯಿಯ ಕವಲು

ಹ್ವಾನನ ತಾಯಿ ಕತಲೀನಾ ದೆ ಸಲಸಾರ್, ರಾಜಾಧಿಕಾರಿ ಗೊನ್ಸಾಲೊ ದೆ ಸಲಸಾರನ ಮಗಳು. 1524ರಲ್ಲಿ ಕೊರ್ತೇಸ್ ಹೊಂಡುರಾಸಿಗೆ ದಂಡೆತ್ತಿ ಹೋದಾಗ ಈ ಸಲಸಾರ್ ತನ್ನ ಜೊತೆಗಾರನೊಡನೆ ಮೆಕ್ಸಿಕೊ ನಗರದ ಆಡಳಿತವನ್ನು ಕೈಗೆ ತೆಗೆದುಕೊಂಡು, ಕೊರ್ತೇಸ್ ಸತ್ತನೆಂದು ಸಾರಿ, ಅವನ ಆಸ್ತಿಯನ್ನು ವಶಪಡಿಸಿಕೊಂಡನು. ಕೊರ್ತೇಸನ ಬಂಧುವೂ ಆಸ್ತಿಯ ಮೇಲ್ವಿಚಾರಕನೂ ಆಗಿದ್ದ ರೊದ್ರೀಗೊ ದೆ ಪಾಸ್ ಈ ಅವಧಿಯಲ್ಲಿ ಚಿತ್ರಹಿಂಸೆಗೆ ಗುರಿಯಾಗಿ ಗಲ್ಲಿಗೇರಿದನು. ಕೊರ್ತೇಸನ ಪಕ್ಷದವರ ಪಾಲಿಗೆ ಸಲಸಾರನಷ್ಟು ದ್ವೇಷಕ್ಕೆ ಪಾತ್ರವಾದ ಹೆಸರು ಮತ್ತೊಂದಿರಲಾರದು.

ತಾಯಿಯ ಕವಲಿನಲ್ಲಿ ಇನ್ನೊಂದು ಪದರವೂ ಇದೆ. 1990ರ ದಶಕದಲ್ಲಿ ನಡೆದ ವಂಶಾವಳಿ ಸಂಶೋಧನೆಗಳು ಕತಲೀನಾಳ ಪೂರ್ವಿಕರ ಎಳೆಯನ್ನು ಸ್ಪೇನಿನ ಬುರ್ಗೋಸ್ ನಗರದ ಹಾ-ಲೆವಿ ಎಂಬ ಯೆಹೂದಿ ಮನೆತನಕ್ಕೆ ಜೋಡಿಸಿ ತೋರಿಸಿವೆ. ಆ ಮನೆತನದ ರಬ್ಬಿಯಾಗಿದ್ದ ಸಾಲೊಮನ್ ಹಾ-ಲೆವಿ ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಕ್ರೈಸ್ತನಾಗಿ, ಪಾಬ್ಲೊ ದೆ ಸಾಂತಾ ಮರಿಯಾ ಎಂಬ ಹೆಸರಿನಿಂದ ಬುರ್ಗೋಸಿನ ಬಿಷಪ್ ಪದವಿಯನ್ನೇ ಏರಿದನು. ಹೀಗೆ ಧರ್ಮಾಂತರಗೊಂಡವರ ಸಂತತಿಯನ್ನು ಸ್ಪೇನಿನ ಸಮಾಜ ತಲೆಮಾರುಗಳವರೆಗೂ ಸಂಶಯದಿಂದಲೇ ಕಾಣುತ್ತಿತ್ತು. ರಕ್ತಶುದ್ಧಿಯ ನಿಯಮಗಳು ಮಠ, ವಿದ್ಯಾಲಯ, ಸೈನಿಕ ಗೌರವಶ್ರೇಣಿಗಳ ಬಾಗಿಲುಗಳನ್ನು ಅವರಿಗೆ ಮುಚ್ಚುತ್ತಿದ್ದವು. ಗೌರವವನ್ನು ಬಯಸಿದವನು ತನ್ನ ಪೂರ್ವಿಕರಲ್ಲಿ ಯೆಹೂದಿಯಾಗಲಿ ಮುಸ್ಲಿಮನಾಗಲಿ ಇರಲಿಲ್ಲವೆಂದು ಸಾಕ್ಷಿಗಳ ಮೂಲಕ ಸ್ಥಾಪಿಸಬೇಕಾಗಿತ್ತು.

ಇದು ಬರಿಯ ಮರ್ಯಾದೆಯ ಪ್ರಶ್ನೆಯಾಗಿರಲಿಲ್ಲ. ನವ ಸ್ಪೇನಿನ ಉತ್ತರದಲ್ಲೇ ನುಯೆವೊ ಲಿಯೋನ್ ಪ್ರಾಂತದ ಗವರ್ನರನಾಗಿದ್ದ ಲುಯಿಸ್ ದೆ ಕರ್ವಹಾಲನನ್ನು ಧರ್ಮವಿಚಾರಣಾ ಮಂಡಳಿ ಬಂಧಿಸಿತು. ಅವನು ಸೆರೆಯಲ್ಲೇ ಸತ್ತನು. ಗುಟ್ಟಾಗಿ ಯೆಹೂದಿ ಧರ್ಮವನ್ನು ಆಚರಿಸುತ್ತಿದ್ದರೆಂಬ ಆರೋಪದ ಮೇಲೆ ಅವನ ಸೋದರಿ ಮತ್ತು ಆಕೆಯ ಮಕ್ಕಳು 1596ರ ಡಿಸೆಂಬರಿನಲ್ಲಿ ಮೆಕ್ಸಿಕೊ ನಗರದಲ್ಲಿ ಮರಣದಂಡನೆಗೆ ಒಳಗಾದರು. ಒನ್ಯಾತೆ ತನ್ನ ದಂಡಯಾತ್ರೆಯ ಸಿದ್ಧತೆಯಲ್ಲಿ ತೊಡಗಿದ್ದ ವರ್ಷವೂ ಅದೇ. ಒಂದೇ ಗಡಿಸೀಮೆಯ ಎರಡು ಗವರ್ನರ್ ಮನೆತನಗಳಲ್ಲಿ ಒಂದನ್ನು ವಂಶದ ನೆನಪು ಸುಟ್ಟಿತು. ಇನ್ನೊಂದನ್ನು ವಂಶದ ಮರೆವು ಕಾಪಾಡಿತು.

ಹೆಂಡತಿಯ ಕವಲು

ಹ್ವಾನ್ ವರಿಸಿದ್ದು ತಂದೆಯ ಗಣಿ ಪಾಲುದಾರ ತೊಲೋಸಾನ ಮಗಳು ಇಸಬೆಲ್ ದೆ ತೊಲೋಸಾ ಕೊರ್ತೇಸ್ ಮೊಕ್ತೆಸುಮಾಳನ್ನು. ಈಕೆಯ ಹೆಸರೇ ಒಂದು ಕಿರು ವಂಶಾವಳಿ. ಆಕೆಯ ತಾಯಿ ಲೆಯೊನೋರ್ ಕೊರ್ತೇಸ್ ಮೊಕ್ತೆಸುಮಾ. ಲೆಯೊನೋರಳ ತಂದೆ ಎರ್ನಾನ್ ಕೊರ್ತೇಸ್. ತಾಯಿ ಮೆಕ್ಸಿಕಾ ದೊರೆ ಎರಡನೆಯ ಮೊಕ್ತೆಸುಮಾನ ಮಗಳು ತೆಕ್ವಿಚ್‌ಪೊ, ಕ್ರೈಸ್ತ ಹೆಸರಿನಲ್ಲಿ ಇಸಬೆಲ್ ಮೊಕ್ತೆಸುಮಾ. ಅಂದರೆ ಒನ್ಯಾತೆಯ ಹೆಂಡತಿ ವಿಜೇತನಿಗೆ ಮೊಮ್ಮಗಳು, ಸೋತ ದೊರೆಗೆ ಮರಿಮಗಳು.

ಹೆಸರಿನಲ್ಲಿ ಸುಗಮವಾಗಿ ಕೂಡಿಕೊಳ್ಳುವ ಈ ಸಂಬಂಧ ಬದುಕಿನಲ್ಲಿ ಹಾಗಿರಲಿಲ್ಲ. ಎಳವೆಯಲ್ಲೇ ತೆಕ್ವಿಚ್‌ಪೊ ಮೊದಲು ಕ್ವಿತ್ಲಾವಾಕನಿಗೂ ಅನಂತರ ಕೊನೆಯ ದೊರೆ ಕ್ವಾಉತೆಮೋಕನಿಗೂ ಹೆಂಡತಿಯಾಗಿದ್ದಳು. ಕ್ವಾಉತೆಮೋಕನನ್ನು ಕೊರ್ತೇಸ್ 1525ರಲ್ಲಿ ಗಲ್ಲಿಗೇರಿಸಿದನು. 1526ರಲ್ಲಿ ತಕೂಬಾ ಊರಿನ ಎನ್ಕೊಮಿಯೆಂದಾವನ್ನು ಆಕೆಗೆ ವಹಿಸಿ, ಸ್ಪೇನಿಗ ಅಲೋನ್ಸೊ ದೆ ಗ್ರಾದೊನಿಗೆ ಮದುವೆ ಮಾಡಿಕೊಟ್ಟನು. ಅವನು ಬೇಗನೆ ಸತ್ತ ಮೇಲೆ ಆಕೆ ಕೊರ್ತೇಸನ ಮನೆಯಲ್ಲಿ ಇರಬೇಕಾಯಿತು, ಅಲ್ಲಿ ಗರ್ಭಿಣಿಯಾದಳು. ಆ ಸ್ಥಿತಿಯಲ್ಲೇ ಆಕೆಯನ್ನು ಇನ್ನೊಬ್ಬ ಸ್ಪೇನಿಗನಿಗೆ ಮದುವೆ ಮಾಡಲಾಯಿತು. ಹುಟ್ಟಿದ ಮಗು ಲೆಯೊನೋರಳನ್ನು ತಾಯಿ ತನ್ನದೆಂದು ಒಪ್ಪಿಕೊಳ್ಳಲಿಲ್ಲ. ಮಗು ಕೊರ್ತೇಸನ ಬಂಧುವೊಬ್ಬನ ಆರೈಕೆಯಲ್ಲಿ ಬೆಳೆಯಿತು.

ಈ ನಿರಾಕರಣೆಯ ಅರ್ಥವಂತಿಕೆ ದೊಡ್ಡದು. ಗಂಡಸರು ರಚಿಸಿದ ವಂಶಾವಳಿಯಲ್ಲಿ ಇಸಬೆಲ್ ಮೊಕ್ತೆಸುಮಾ ಎರಡು ಮನೆತನಗಳನ್ನು ಬೆಸೆದ ಕೊಂಡಿ. ಆಕೆಯ ಸ್ವಂತ ನಡೆಯಾದರೋ ಆ ಬೆಸುಗೆಯನ್ನು ತಳ್ಳಿಹಾಕಿದ ನಡೆ. ಆಕೆ ತಳ್ಳಿದ ಮಗಳ ಮೂಲಕವೇ ಮೊಕ್ತೆಸುಮಾ ಎಂಬ ಹೆಸರು ಒನ್ಯಾತೆಯ ಮನೆಯನ್ನು ಸೇರಿ ಅಲ್ಲಿ ಗೌರವದ ಗುರುತಾಯಿತು. ಹಾಗೆಯೇ ಕೊರ್ತೇಸನ ಆಸ್ತಿಯನ್ನು ವಶಪಡಿಸಿಕೊಂಡ ಸಲಸಾರನ ಮೊಮ್ಮಗನು ಕೊರ್ತೇಸನ ಮೊಮ್ಮಗಳನ್ನು ವರಿಸಿದುದರಿಂದ ಹಳೆಯ ಹಗೆತನವೂ ವಂಶಾವಳಿಯೊಳಗೆ ಸದ್ದಿಲ್ಲದೆ ಅಡಗಿಹೋಯಿತು.

ಒಪ್ಪಂದ ಮತ್ತು ಎರಡು ಜೀವಗಳು

ಒನ್ಯಾತೆ ತಂದೆಯ ಗಣಿಗಳನ್ನು ನೋಡಿಕೊಳ್ಳುತ್ತ, ಉತ್ತರದ ಚಿಚಿಮೇಕ ಬುಡಕಟ್ಟುಗಳ ವಿರುದ್ಧದ ಕಾಳಗಗಳಲ್ಲಿ ಪಾಲುಗೊಳ್ಳುತ್ತ ಬೆಳೆದನು. 1592ರಲ್ಲಿ ಸ್ಥಾಪನೆಯಾದ ಸಾನ್ ಲುಯಿಸ್ ಪೊತೊಸೀ ಗಣಿಪಟ್ಟಣದ ಮೊದಲ ಮುಖ್ಯಾಧಿಕಾರಿಯೂ ಆದನು. 1595ರ ಸೆಪ್ಟೆಂಬರಿನಲ್ಲಿ ವೈಸರಾಯ್ ಲುಯಿಸ್ ದೆ ವೆಲಾಸ್ಕೊ ನ್ಯೂ ಮೆಕ್ಸಿಕೊದ ವಸಾಹತೀಕರಣದ ಒಪ್ಪಂದವನ್ನು ಅವನಿಗೆ ನೀಡಿದನು. 1573ರ ರಾಜಾಜ್ಞೆಯ ಪ್ರಕಾರ ಇಂಥ ಕಾರ್ಯಗಳನ್ನು ದಿಗ್ವಿಜಯವೆಂದು ಕರೆಯುವಂತಿರಲಿಲ್ಲ, ಶಾಂತಿಸ್ಥಾಪನೆ ಎನ್ನಬೇಕಾಗಿತ್ತು. ವೆಚ್ಚದ ಬಹುಪಾಲನ್ನು ಒಪ್ಪಂದ ಪಡೆದವನೇ ಭರಿಸಬೇಕಾಗಿತ್ತು. ಆದಕಾರಣ ಶ್ರೀಮಂತಿಕೆ ಮತ್ತು ಕುಲೀನತೆ ಎರಡೂ ಇದ್ದವನಿಗೆ ಮಾತ್ರ ಈ ಅವಕಾಶ ದಕ್ಕುವಂತಿತ್ತು. ಬೆಳ್ಳಿಯ ಹಣ ತಂದೆಯ ಕವಲಿನಿಂದ ಬಂದರೆ, ಕೊರ್ತೇಸ್ ಮತ್ತು ಮೊಕ್ತೆಸುಮಾ ಎಂಬ ಹೆಸರುಗಳ ಹೊಳಪು ಹೆಂಡತಿಯ ಕವಲಿನಿಂದ ಬಂತು. ತಾಯಿಯ ಕವಲಿನ ಹಳೆಯ ಪದರ ಮಾತ್ರ ಮರೆಯಲ್ಲೇ ಉಳಿಯಿತು.

ಒಪ್ಪಂದದ ಎರಡು ಅಂಶಗಳು ವಂಶದ ದೃಷ್ಟಿಯಿಂದ ಮುಖ್ಯವಾದವು. ಗವರ್ನರ್ ಮತ್ತು ಸೇನಾನಾಯಕನ ಪದವಿಯನ್ನು ಎರಡು ಜೀವಗಳಿಗೆ, ಅಂದರೆ ಒನ್ಯಾತೆಗೂ ಅವನ ಉತ್ತರಾಧಿಕಾರಿಗೂ, ಕೊಡಲಾಗಿತ್ತು. ಜೊತೆಗೆ ಹೊಸ ಪ್ರಾಂತದಲ್ಲಿ ಐದು ವರ್ಷ ನೆಲೆಸಿದ ಪ್ರತಿಯೊಬ್ಬ ವಲಸಿಗನಿಗೂ ಅವನ ಸಂತತಿಗೂ ಇದಾಲ್ಗೊ, ಅಂದರೆ ತೆರಿಗೆಯಿಂದ ವಿನಾಯಿತಿ ಪಡೆದ ಕುಲೀನ, ಎಂಬ ಅಂತಸ್ತು ದೊರೆಯುವಂತಿತ್ತು. ಮೊದಲನೆಯದು ಒಂದು ಮನೆತನದ ಅಧಿಕಾರವನ್ನು ತಲೆಮಾರಿಗೆ ದಾಟಿಸುವ ಏರ್ಪಾಡು. ಎರಡನೆಯದು ಕುಲೀನತೆ ಇಲ್ಲದವರಿಗೆ ಹೊಸ ವಂಶಮೂಲವನ್ನು ಒದಗಿಸುವ ಏರ್ಪಾಡು.

ಹೊಸ ವೈಸರಾಯ್ ಮೊಂತೆರೇಯ ಕೌಂಟನ ತಗಾದೆಗಳು, ಸ್ಪೇನಿನಿಂದ ಬಂದ ಪ್ರತಿಸ್ಪರ್ಧಿ ಅರ್ಜಿ, ಪದೇ ಪದೇ ನಡೆದ ತಪಾಸಣೆಗಳಿಂದಾಗಿ ಪಯಣ ಎರಡು ವರ್ಷ ವಿಳಂಬವಾಯಿತು.  1598ರ ಜನವರಿಯಲ್ಲಿ ದಂಡು ಉತ್ತರಕ್ಕೆ ಹೊರಟಾಗ ಕೊನೆಯ ತಪಾಸಣೆಯ ಲೆಕ್ಕದಂತೆ 129 ಸೈನಿಕರು, 83 ಬಂಡಿಗಳು ಮತ್ತು ಸುಮಾರು 7000 ಜಾನುವಾರುಗಳಿದ್ದವು. ಕುಟುಂಬದವರು, ಸೇವಕರು, ಫ್ರಾನ್ಸಿಸ್ಕನ್ ಪಾದ್ರಿಗಳು ಜೊತೆಗಿದ್ದರು. ಒನ್ಯಾತೆ ತನ್ನ ಎಳೆಯ ಮಗ ಕ್ರಿಸ್ತೋಬಲನನ್ನೂ ಕರೆದೊಯ್ದನು. ಆ ಬಾಲಕನೇ ಒಪ್ಪಂದದ ಎರಡನೆಯ ಜೀವ. ಏಪ್ರಿಲ್ 30ರಂದು ರಿಯೊ ಗ್ರಾಂದೆ ನದಿಯ ದಡದಲ್ಲಿ, ಇಂದಿನ ಎಲ್ ಪಾಸೊ ಬಳಿ, ಇಡೀ ಸೀಮೆಯನ್ನು ಸ್ಪೇನಿನ ದೊರೆಯ ಹೆಸರಿನಲ್ಲಿ ವಶಕ್ಕೆ ತೆಗೆದುಕೊಂಡ ವಿಧಿ ನಡೆಯಿತು. ಜುಲೈನಲ್ಲಿ ಓಕೆ ಓವಿಂಗೆ ಎಂಬ ಪ್ವೆಬ್ಲೊ ಜನರ ಊರಿನಲ್ಲಿ ದಂಡು ನೆಲೆ ನಿಂತಿತು. ಆ ಊರಿಗೆ ಸಾನ್ ಹ್ವಾನ್ ಎಂಬ ಹೊಸ ಹೆಸರೂ ಬಂತು.

ಆಕೋಮಾ

ವಂಶದ ಅಭಿಮಾನ ಮತ್ತು ವಂಶದ ಸೇಡು ಎಷ್ಟು ಹತ್ತಿರದವು ಎಂಬುದನ್ನು ಆಕೋಮಾದ ಘಟನೆ ತೋರಿಸುತ್ತದೆ. ಸುಮಾರು 110 ಮೀಟರ್ ಎತ್ತರದ ಕಡಿದಾದ ಬಂಡೆಯ ನೆತ್ತಿಯಲ್ಲಿರುವ ಪ್ವೆಬ್ಲೊ ಊರು ಆಕೋಮಾ. 1598ರ ಡಿಸೆಂಬರ್ 4ರಂದು ಆಹಾರಧಾನ್ಯಕ್ಕಾಗಿ ಬಂದ ಸ್ಪೇನಿಗರಿಗೂ ಊರವರಿಗೂ ನಡೆದ ಘರ್ಷಣೆಯಲ್ಲಿ ಒನ್ಯಾತೆಯ ಸೋದರಸಂಬಂಧಿಯೂ ದಂಡಿನ ಎರಡನೆಯ ನಾಯಕನೂ ಆದ ಹ್ವಾನ್ ದೆ ಸಾಲ್ದೀವಾರ್ ಹತನಾದನು. ಅವನೊಡನೆ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ದಂಡನೆಯ ಪಡೆಯನ್ನು ನಡೆಸುವ ಹೊಣೆ ಹತನ ತಮ್ಮ ವಿಸೆಂತೆ ದೆ ಸಾಲ್ದೀವಾರನಿಗೆ ಬಂತು. 1599ರ ಜನವರಿಯ ಕೊನೆಯಲ್ಲಿ ಸುಮಾರು 70 ಸೈನಿಕರು ಮೂರು ದಿನ ಕಾದಾಡಿ ಊರನ್ನು ನಾಶಮಾಡಿದರು. ಸತ್ತ ಆಕೋಮಾ ಜನರ ಸಂಖ್ಯೆ 800ರವರೆಗೂ ಇರಬಹುದೆಂಬುದು ಅಂದಾಜು.

ಸೆರೆಸಿಕ್ಕ ಸುಮಾರು 500 ಜನರ ವಿಚಾರಣೆ ಫೆಬ್ರವರಿಯಲ್ಲಿ ನಡೆದು ಒನ್ಯಾತೆಯೇ ತೀರ್ಪು ನೀಡಿದನು. 25 ವರ್ಷ ಮೀರಿದ ಗಂಡಸರಿಗೆ ಒಂದು ಪಾದವನ್ನು ಕತ್ತರಿಸುವ ಶಿಕ್ಷೆಯೊಡನೆ 20 ವರ್ಷಗಳ ಜೀತ. 12 ದಾಟಿದ ಉಳಿದ ಗಂಡಸರಿಗೂ ಹೆಂಗಸರಿಗೂ 20 ವರ್ಷಗಳ ಜೀತ. ಅಂಗಚ್ಛೇದಕ್ಕೆ ಒಳಗಾದವರು 24 ಮಂದಿ. ಕತ್ತರಿಸಿದ್ದು ಇಡೀ ಪಾದವನ್ನೋ ಬೆರಳುಗಳನ್ನೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆಯಿದೆ. ಶಿಕ್ಷೆಯ ಕ್ರೌರ್ಯದ ಬಗ್ಗೆ ಇಲ್ಲ. ಎಳೆಯ ಮಕ್ಕಳನ್ನು ನಿರ್ದೋಷಿಗಳೆಂದು ಸಾರಿ ತಂದೆತಾಯಿಗಳಿಂದ ಬೇರ್ಪಡಿಸಲಾಯಿತು. ಸುಮಾರು 60 ಹೆಣ್ಣುಮಕ್ಕಳನ್ನು ದೂರದ ಮೆಕ್ಸಿಕೊ ನಗರದ ಕನ್ಯಾಮಠಗಳಿಗೆ ಕಳುಹಿಸಲಾಯಿತು. ತನ್ನ ವಂಶದ ಎಳೆಗಳನ್ನು ಅಷ್ಟು ಜತನದಿಂದ ಕೂಡಿಸಿಕೊಂಡ ಮನೆತನವೊಂದು ಇನ್ನೊಂದು ಸಮುದಾಯದ ವಂಶದ ಎಳೆಗಳನ್ನು ಹೀಗೆ ಕತ್ತರಿಸಿತು. ಮೊಕ್ತೆಸುಮಾನ ರಕ್ತ ಗೌರವದ್ದಾದರೆ ಆಕೋಮಾದ ರಕ್ತ ಏಕೆ ಅಲ್ಲವೆಂಬ ಪ್ರಶ್ನೆ ಅಂದಿನ ವ್ಯವಸ್ಥೆಗೆ ಹೊಳೆಯಲೂ ಇಲ್ಲ. ಹಕ್ಕನ್ನು ತಂದುಕೊಡುವ ಮೂಲನಿವಾಸಿ ರಕ್ತ ಮಾತ್ರ ವಂಶಾವಳಿಯೊಳಗೆ ಪ್ರವೇಶ ಪಡೆಯುತ್ತಿತ್ತು.

ಕಾವ್ಯವಾದ ವಂಶಾವಳಿ

ಆಕೋಮಾದ ಕಾಳಗದಲ್ಲಿ ಪಾಲುಗೊಂಡಿದ್ದ ನಾಯಕ ಗಸ್ಪಾರ್ ಪೆರೆಸ್ ದೆ ವಿಲ್ಯಗ್ರಾ ಈ ಇಡೀ ಕಾರ್ಯವನ್ನು ಕುರಿತು 34 ಸರ್ಗಗಳ ಮಹಾಕಾವ್ಯವೊಂದನ್ನು ಬರೆದನು. ನ್ಯೂ ಮೆಕ್ಸಿಕೊದ ಚರಿತ್ರೆ ಎಂಬ ಹೆಸರಿನ ಆ ಕೃತಿ 1610ರಲ್ಲಿ ಸ್ಪೇನಿನ ಅಲ್ಕಲಾ ನಗರದಲ್ಲಿ ಅಚ್ಚಾಯಿತು. ಮೆಕ್ಸಿಕಾ ಜನರ ಪೂರ್ವಿಕರು ಉತ್ತರದಿಂದ ವಲಸೆ ಬಂದರೆಂಬ ಐತಿಹ್ಯದೊಡನೆ ಕಾವ್ಯ ಆರಂಭವಾಗುತ್ತದೆ. ಈ ಚೌಕಟ್ಟಿನಲ್ಲಿ ಮೊಕ್ತೆಸುಮಾನ ಮರಿಮಗಳ ಗಂಡನು ಉತ್ತರಕ್ಕೆ ಹೋಗುವುದು ಪರನೆಲದ ಆಕ್ರಮಣವಾಗಿ ಕಾಣದೆ ಪೂರ್ವಿಕರ ನೆಲಕ್ಕೆ ಮರಳುವಿಕೆಯಾಗಿ ತೋರುತ್ತದೆ. ವಂಶಾವಳಿ ಕಾವ್ಯದೊಳಗೆ ಬಂದಾಗ ಮಾಡುವ ಕೆಲಸ ಇದು: ಕಾಲವನ್ನು ಹಿಂದಕ್ಕೆ ಚಾಚಿ ವರ್ತಮಾನದ ಕೃತ್ಯಕ್ಕೆ ಸಮರ್ಥನೆ ಒದಗಿಸುವುದು. ಆಶ್ರಯದಾತನ ಪ್ರಶಸ್ತಿಯನ್ನು ಬರೆಯುವ ಕವಿ ತಾನೂ ಆ ಕೃತ್ಯದ ಪಾಲುದಾರನಾಗಿದ್ದುದು ಇಲ್ಲಿನ ವಿಶೇಷ.

ಪತನ

ಬೆಳ್ಳಿ ಸಿಗಲಿಲ್ಲ. ಒಣನೆಲದ ಬೆಳೆ ಪ್ವೆಬ್ಲೊ ಜನರಿಗೂ ವಲಸಿಗರಿಗೂ ಸಾಲುತ್ತಿರಲಿಲ್ಲ. 1601ರಲ್ಲಿ ಒನ್ಯಾತೆ ಕಿವೀರಾ ಎಂಬ ಕಾಲ್ಪನಿಕ ಸಿರಿನಾಡನ್ನು ಅರಸುತ್ತ ಇಂದಿನ ಕಾನ್ಸಾಸ್ ಬಯಲಿನವರೆಗೆ ಹೋಗಿ ಬರಿಗೈಯಲ್ಲಿ ಮರಳುವಷ್ಟರಲ್ಲಿ ವಲಸಿಗರಲ್ಲಿ ಹೆಚ್ಚಿನವರು ನೆಲೆಯನ್ನು ಬಿಟ್ಟು ದಕ್ಷಿಣಕ್ಕೆ ಓಡಿಹೋಗಿದ್ದರು. 1605ರಲ್ಲಿ ಕ್ಯಾಲಿಫೋರ್ನಿಯಾ ಕೊಲ್ಲಿಯನ್ನು ಮುಟ್ಟಿ ಹಿಂದಿರುಗುವಾಗ ಎಲ್ ಮೊರೊ ಬಂಡೆಯ ಮೇಲೆ ಅವನ ಹೆಸರು ಕೆತ್ತಲ್ಪಟ್ಟಿತು; ಅದು ಇಂದಿಗೂ ಉಳಿದಿದೆ. ಮನೆತನದ ಸಂಪತ್ತು ಕರಗಿದ ಮೇಲೆ 1607ರಲ್ಲಿ ಅವನು ರಾಜೀನಾಮೆ ನೀಡಿದನು. ವೈಸರಾಯ್ ನೇಮಿಸಿದ ಬದಲಿ ಅಧಿಕಾರಿಯನ್ನು ವಲಸಿಗರು ಒಪ್ಪದೆ ಹದಿಹರೆಯದ ಮಗ ಕ್ರಿಸ್ತೋಬಲನನ್ನೇ ಗವರ್ನರನಾಗಿ ಆರಿಸಿಕೊಂಡರು. ಎರಡನೆಯ ಜೀವಕ್ಕೆ ಅಧಿಕಾರ ದಕ್ಕಿದ್ದು ಅಷ್ಟೇ. ಪ್ರಾಂತವನ್ನು ರಾಜನೇ ನೇರವಾಗಿ ವಹಿಸಿಕೊಂಡು ಪೆದ್ರೊ ದೆ ಪೆರಾಲ್ತಾನನ್ನು ನೇಮಿಸಿದನು. ರಾಜಧಾನಿ ಹೊಸದಾಗಿ ಕಟ್ಟಿದ ಸಾಂತಾ ಫೆ ನಗರಕ್ಕೆ ಸ್ಥಳಾಂತರವಾಯಿತು. ಮಗ ತಂದೆಗಿಂತ ಮೊದಲೇ ತೀರಿಕೊಂಡನು.

1614ರಲ್ಲಿ ಮೆಕ್ಸಿಕೊ ನಗರದಲ್ಲಿ ಒನ್ಯಾತೆಯ ವಿಚಾರಣೆ ಮುಗಿದು ತೀರ್ಪು ಹೊರಬಿತ್ತು. ಆಕೋಮಾದಲ್ಲಿ ತೋರಿದ ಅತಿಕ್ರೌರ್ಯ, ತನ್ನ ದಂಡಿನದೇ ಇಬ್ಬರು ನಾಯಕರ ಹತ್ಯೆ ಮುಂತಾದ ಆರೋಪಗಳಲ್ಲಿ ಅವನು ತಪ್ಪಿತಸ್ಥನೆನಿಸಿದನು. ನ್ಯೂ ಮೆಕ್ಸಿಕೊದಿಂದ ಶಾಶ್ವತವಾಗಿಯೂ ಮೆಕ್ಸಿಕೊ ನಗರದಿಂದ ನಾಲ್ಕು ವರ್ಷವೂ ಗಡೀಪಾರು, 6000 ದುಕಾತ್ ದಂಡ ಇವು ಶಿಕ್ಷೆಗಳು. ವಿಸೆಂತೆ ಮತ್ತು ಕವಿ ವಿಲ್ಯಗ್ರಾ ಇಬ್ಬರೂ ದಂಡನೆಗೆ ಒಳಗಾದರು. ಆದರೆ ಆಕೋಮಾದ ಕಾರಣಕ್ಕಾಗಿ ಶಿಕ್ಷೆಯಾದುದರಿಂದ ಆಕೋಮಾದವರಿಗೆ ಏನೂ ಮರಳಿ ಬರಲಿಲ್ಲ. ಕಳಂಕವನ್ನು ತೊಡೆಯುವ ಹಟದಿಂದ ಒನ್ಯಾತೆ ಮುಪ್ಪಿನಲ್ಲಿ ಸ್ಪೇನಿಗೆ ಹೋಗಿ ಮನವಿಗಳನ್ನು ಸಲ್ಲಿಸುತ್ತ ಉಳಿದನು. 1624ರಲ್ಲಿ ಸ್ಪೇನಿನ ಗಣಿಗಳ ಪರಿಶೀಲಕನ ಹುದ್ದೆ ದೊರೆಯಿತು. 1626ರಲ್ಲಿ ಗ್ವಾದಲ್ಕನಾಲ್ ಎಂಬಲ್ಲಿ ಗಣಿ ಪರಿಶೀಲನೆಯ ವೇಳೆ ಅವನು ಮರಣ ಹೊಂದಿದನು. ಬೆಳ್ಳಿಯ ಗಣಿಯ ಬದಿಯಲ್ಲಿ ಆರಂಭವಾದ ಬದುಕು ಗಣಿಯೊಂದರಲ್ಲೇ ಮುಗಿಯಿತು.

ಉಳಿದ ಎಳೆಗಳು

ಮನೆತನ ಮುಂದುವರಿದದ್ದು ಮಗಳು ಮರಿಯಾಳ ಮೂಲಕ. ಆಕೆ ವಿಸೆಂತೆ ದೆ ಸಾಲ್ದೀವಾರನನ್ನು ವರಿಸಿದ್ದಳು. ಗಣಿಸಂಪತ್ತು, ಮೊಕ್ತೆಸುಮಾ ಎಂಬ ಹೆಸರು ಎರಡೂ ಆ ಕವಲಿಗೆ ಸಂದವು. ಈ ವಂಶಾವಳಿಯ ಪ್ರತಿಯೊಂದು ಮುಖ್ಯ ತಿರುವಿನಲ್ಲೂ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ: ಕತಲೀನಾ, ತೆಕ್ವಿಚ್‌ಪೊ, ಲೆಯೊನೋರ್, ಇಸಬೆಲ್, ಮರಿಯಾ. ಆದರೂ ಮಹಾಕಾವ್ಯ, ಒಪ್ಪಂದ, ತೀರ್ಪು ಮೂರರ ಕೇಂದ್ರದಲ್ಲೂ ಇರುವವರು ಗಂಡಸರೇ.

ಒನ್ಯಾತೆ ಎಂಬ ಹೆಸರು ನ್ಯೂ ಮೆಕ್ಸಿಕೊದ ನೆಲದಲ್ಲಿ ಕುಟುಂಬವಾಗಿ ಬೇರೂರಲಿಲ್ಲ. ಬೇರೂರಿದವರು ಅವನೊಂದಿಗೆ ಮತ್ತು 1600ರಲ್ಲಿ ಬಂದ ನೆರವಿನ ತಂಡದೊಂದಿಗೆ ಬಂದ ಬಾಕಾ, ಚಾವೆಸ್ ಮೊದಲಾದ ಮನೆತನಗಳವರು. ಫ್ರಾನ್ಸಿಸ್ಕನ್ ಪಾದ್ರಿಯೂ ವಿದ್ವಾಂಸನೂ ಆದ ಆಂಜೆಲಿಕೊ ಚಾವೆಸ್ 1954ರಲ್ಲಿ ಪ್ರಕಟಿಸಿದ ಮನೆತನಗಳ ಮೂಲವನ್ನು ಕುರಿತ ಗ್ರಂಥ ಈ ಎಳೆಗಳನ್ನು ಪಾದ್ರಿಗಳ ದಾಖಲೆಗಳ ಆಧಾರದಿಂದ ಕೂಡಿಸಿದೆ. 1680ರ ಪ್ವೆಬ್ಲೊ ಬಂಡಾಯದಲ್ಲಿ ಸ್ಪೇನಿಗರನ್ನು ಹೊರದೂಡಿದ ಜನರಲ್ಲಿ ಆಕೋಮಾದವರೂ ಇದ್ದರು. ಹನ್ನೆರಡು ವರ್ಷಗಳ ಮೇಲೆ ಸ್ಪೇನಿಗರು ಮರಳಿದರಾದರೂ ಆಕೋಮಾ ಅಳಿಯಲಿಲ್ಲ. ಆ ಬಂಡೆಯ ಮೇಲಿನ ಊರು ಇಂದಿಗೂ ಜೀವಂತವಾಗಿದೆ.

ನಾಲ್ಕುನೂರನೆಯ ವರ್ಷಾಚರಣೆಯ ಹೊತ್ತಿಗೆ, 1998ರ ಆರಂಭದಲ್ಲಿ, ನ್ಯೂ ಮೆಕ್ಸಿಕೊದ ಅಲ್ಕಾಲ್ದೆಯಲ್ಲಿದ್ದ ಒನ್ಯಾತೆಯ ಕುದುರೆಸವಾರಿಯ ಪ್ರತಿಮೆಯ ಬಲಪಾದವನ್ನು ಯಾರೋ ಕತ್ತರಿಸಿ ಒಯ್ದಿದ್ದು ಬೆಳಕಿಗೆ ಬಂತು. 2020ರ ಜೂನ್ 15ರಂದು ಆ ಪ್ರತಿಮೆಯನ್ನೇ ಅಲ್ಲಿಂದ ತೆಗೆಯಲಾಯಿತು. ಒಂದು ಕಡೆಯವರು ಅವನಲ್ಲಿ ತಮ್ಮ ವಂಶದ ಆರಂಭವನ್ನು ಕಂಡರೆ, ಇನ್ನೊಂದು ಕಡೆಯವರು ತಮ್ಮ ಪೂರ್ವಿಕರ ಅಂಗಚ್ಛೇದವನ್ನು ಕಂಡರು. ಎರಡೂ ವಂಶದ ನೆನಪುಗಳೇ. ಒಂದಕ್ಕೆ ಒಪ್ಪಂದಪತ್ರವೂ ಮಹಾಕಾವ್ಯವೂ ಇದ್ದವು, ಇನ್ನೊಂದಕ್ಕೆ ಬಾಯಿಂದ ಬಾಯಿಗೆ ಬಂದ ಮಾತು ಮತ್ತು ವಿಜೇತನೇ ಬರೆಸಿದ ತೀರ್ಪಿನ ಕಡತ ಮಾತ್ರ ಇದ್ದವು. ಆದ್ದರಿಂದ ವಸಾಹತು ಕಾಲದ ವಂಶಾವಳಿಗಳನ್ನು ಓದುವಾಗ ಅವು ಯಾರನ್ನು ಹೆಸರಿಸುತ್ತವೆ ಎಂಬುದರ ಜೊತೆಗೆ ಯಾರ ಹೆಸರನ್ನು ಅಳಿಸಿ ನಿಂತಿವೆ ಎಂಬುದನ್ನೂ ಕೇಳಬೇಕಾಗುತ್ತದೆ. ಒನ್ಯಾತೆ ಮನೆತನದ ಚರಿತ್ರೆಯಲ್ಲಿ ಈ ಎರಡನೆಯ ಪಟ್ಟಿಯೇ ದೀರ್ಘವಾದುದು.